ಗಿಡ ಬೀಳಲಿಲ್ಲ, ನಾವು ಕಡಿಸಿದೆವು

2018ರ ಮೇ ತಿಂಗಳಲ್ಲಿ ನಾನು ‘ಅಜ್ಜನ ತೋಟ’ ಎಂಬ ಪ್ರಬಂಧ ಬರೆದೆ. ಕಲಘಟಗಿ ತಾಲೂಕಿನ ಒಂದು ಊರಿನಲ್ಲಿ ನನ್ನ ತಾಯಿಯ ತಂದೆ ಬೆಳೆಸಿದ ಮಾವಿನ ತೋಟದ ಬಗ್ಗೆ. ಬ್ಯಾಸಗಿ ಸೂಟಿಯಲ್ಲಿ ಗಿಡದ ಬುಡದಲ್ಲಿ ಮಲಗಿದ್ದು, ಹುಲ್ಲಿನೊಳಗೆ ಕೈ ಹಾಕಿ ಹಣ್ಣು ತಡವಿದ್ದು, ಮೊಣಕೈವರೆಗೆ ರಸ ಇಳಿದದ್ದು ಎಲ್ಲವೂ ಅದರಲ್ಲಿತ್ತು. ಕೊನೆಯ ಪ್ಯಾರಾದಲ್ಲಿ ‘ಈಗ ಆ ಮರಗಳಿಲ್ಲ, ಕಾಲನ ಹೊಡೆತಕ್ಕೆ ಒಂದೊಂದಾಗಿ ನೆಲಕ್ಕುರುಳಿದವು’ ಎಂದು ಬರೆದಿದ್ದೆ. ಓದಿದವರು ಫೋನ್ ಮಾಡಿದರು. ಒಬ್ಬರು ಓದುತ್ತ ಅತ್ತೆನೆಂದರು. ನನ್ನ ವಿದ್ಯಾರ್ಥಿಯೊಬ್ಬ ಆ ಕೊನೆಯ ಸಾಲನ್ನು ಬಾಯಿಪಾಠ ಮಾಡಿಕೊಂಡಿದ್ದ.

ಅದೇ ವರ್ಷ ಫೆಬ್ರುವರಿಯಲ್ಲಿ ಆ ತೋಟದ ಖರೀದಿ ಪತ್ರಕ್ಕೆ ನಾನು ಸಹಿ ಹಾಕಿದ್ದೆ. ಅವ್ವ ತೀರಿಕೊಂಡಿದ್ದರಿಂದ ಅವಳ ಪಾಲಿನ ಸಹಿ ನನ್ನದು ಮತ್ತು ನನ್ನ ತಮ್ಮನದು. ಮಾರ್ಚಿನಲ್ಲಿ, ಗಿಡಗಳಲ್ಲಿ ಕಾಯಿ ಹುಣಸೆಬೀಜದಷ್ಟು ಆಗಿದ್ದಾಗ, ಗರಗಸದ ಮಷಿನ್ನು ಬಂತು. ನಾನು ಪ್ರಬಂಧ ಬರೆಯಲು ಕೂತ ಹೊತ್ತಿಗೆ ಹುಬ್ಬಳ್ಳಿಯ ನನ್ನ ಮನೆಸಾಲದ ದೊಡ್ಡ ಪಾಲು ಆ ಹಣದಲ್ಲಿ ತೀರಿತ್ತು. ನಾನು ಬರೆದ ‘ಕಾಲನ ಹೊಡೆತ’ ಅಂದರೆ ಇಷ್ಟೇ. ಕಾಲನಿಗೆ ಒಂದು ಬ್ಯಾಂಕ್ ಖಾತೆ ಇತ್ತು, ಅದು ನನ್ನ ಹೆಸರಿನಲ್ಲಿತ್ತು.

ಇದನ್ನು ಪಶ್ಚಾತ್ತಾಪಕ್ಕೆಂದು ಹೇಳುತ್ತಿಲ್ಲ. ಪಶ್ಚಾತ್ತಾಪವೂ ಒಂದು ಲಲಿತ ಪ್ರಬಂಧವಾಗಿ ಚೆನ್ನಾಗಿ ಓದಿಸಿಕೊಳ್ಳುತ್ತದೆ ಎಂಬುದು ನನಗೆ ಗೊತ್ತಿದೆ. ನನ್ನ ತಕರಾರು ಈ ಬಗೆಯ ಬರವಣಿಗೆಯ ಮೇಲೆ. ಪ್ರತಿ ಏಪ್ರಿಲ್ ಬಂದರೆ ಸಾಕು, ಪುರವಣಿಗಳಲ್ಲಿ, ಜಾಲತಾಣಗಳಲ್ಲಿ, ಕಾಲೇಜಿನ ಸಂಚಿಕೆಗಳಲ್ಲಿ ಅಜ್ಜನ ತೋಟಗಳು ಚಿಗುರುತ್ತವೆ. ಎಲ್ಲ ತೋಟಗಳಲ್ಲೂ ಒಬ್ಬ ಮಾತು ಕಡಿಮೆಯ ಅಜ್ಜ, ಒಬ್ಬ ಉಪ್ಪಿನಕಾಯಿಯ ಅಜ್ಜಿ, ಒಂದು ಬಾವಿ, ಮರ ಹತ್ತುವ ಮೊಮ್ಮಕ್ಕಳು. ಕೊನೆಗೆ ಎಲ್ಲ ತೋಟಗಳೂ ಒಂದೇ ರೀತಿ ಸಾಯುತ್ತವೆ: ‘ಕಣ್ಮರೆಯಾದವು’, ‘ಅಳಿದುಹೋದವು’, ‘ನೆನಪಾಗಿ ಉಳಿದವು’. ಈ ಕ್ರಿಯಾಪದಗಳನ್ನು ಒಮ್ಮೆ ನಿಂತು ನೋಡಿ. ಒಂದರಲ್ಲೂ ಮಾಡಿದವನಿಲ್ಲ.

ಕನ್ನಡ ವ್ಯಾಕರಣ ಇಷ್ಟು ಬಡವಾದದ್ದಲ್ಲ. ಗಿಡ ಬಿತ್ತು, ಗಿಡ ಕಡಿದರು, ಗಿಡ ಕಡಿಸಿದೆವು ಎಂದು ಮೂರು ರೀತಿ ಹೇಳಲು ಬರುತ್ತದೆ. ಬಿದ್ದರೆ ತಪ್ಪು ಗಾಳಿಯದು. ಕಡಿದರೆ ಕೂಲಿಯವನದು. ಕಡಿಸಿದೆವು ಎಂದಾಗ ಮಾತ್ರ ನಾವು ವಾಕ್ಯದೊಳಗೆ ಬರುತ್ತೇವೆ. ಒಂದು ‘ಇಸು’ ಪ್ರತ್ಯಯ ಹಚ್ಚಿದರೆ ಸಾಕು, ಇಡೀ ಪ್ರಬಂಧದ ರುಚಿ ಬದಲಾಗುತ್ತದೆ. ತರಗತಿಯಲ್ಲಿ ವರ್ಷಾನುಗಟ್ಟಲೆ ಪ್ರೇರಣಾರ್ಥಕ ಕ್ರಿಯಾಪದ ಕಲಿಸಿದ ನಾನು ಅದನ್ನು ನನ್ನ ತೋಟಕ್ಕೆ ಹಚ್ಚಲಿಲ್ಲ.

ಹಾಗಾದರೆ ಆ ಪ್ರಬಂಧದಲ್ಲಿ ಬರೆದದ್ದು ಸುಳ್ಳೇ? ಸುಳ್ಳಲ್ಲ. ಎಷ್ಟು ಖರೆ, ಎಲ್ಲಿಂದ ಬಿಟ್ಟೆ ಎಂಬುದನ್ನು ಹೇಳುತ್ತೇನೆ.

ನಮ್ಮದು ಅಣ್ಣಿಗೇರಿ. ಎರೆಭೂಮಿ. ಅಲ್ಲಿ ಏಪ್ರಿಲ್ ಅಂದರೆ ಬಿರುಕು ಬಿಟ್ಟ ಹೊಲ, ದಿಗಂತದವರೆಗೆ ಒಂದೂ ನೆರಳಿಲ್ಲದ ಬಯಲು, ಅಂಗಳದಲ್ಲಿ ಒಣಗಲು ಹಾಕಿದ ಮೆಣಸಿನಕಾಯಿಯ ಘಾಟು. ಪರೀಕ್ಷೆ ಮುಗಿದ ಮರುದಿನ ಅವ್ವ ನಮ್ಮಿಬ್ಬರನ್ನು ಕರೆದುಕೊಂಡು ಗದಗಿನಿಂದ ಬರುವ ರೈಲಿನಲ್ಲಿ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಯಲ್ಲಾಪುರದ ಬಸ್ಸು ಹಿಡಿಯುತ್ತಿದ್ದಳು. ಹುಬ್ಬಳ್ಳಿ ದಾಟಿ ಸ್ವಲ್ಪ ದೂರ ಹೋದರೆ ಮಣ್ಣು ಕೆಂಪಾಗುತ್ತ ಬರುತ್ತದೆ. ಕಲಘಟಗಿ ಮುಟ್ಟುವಷ್ಟರಲ್ಲಿ ಗಾಳಿಯ ವಾಸನೆಯೇ ಬೇರೆ. ಒಂದೇ ಜಿಲ್ಲೆ, ಅರವತ್ತು ಎಪ್ಪತ್ತು ಕಿಲೋಮೀಟರಿನ ಅಂತರ. ಆದರೆ ನಮಗೆ ಅದು ದೇಶಾಂತರ.

ಅಜ್ಜನ ತೋಟ ನಾಲ್ಕು ಎಕರೆ. ನಡುವೆ ಸಾಲಾಗಿ ಅರವತ್ತು ಆಪೂಸ. ಬದುವಿನ ಮೇಲೆ, ಬಾವಿಯ ಹತ್ತಿರ, ದಾರಿಯ ಮಗ್ಗುಲಿಗೆ ಹನ್ನೊಂದು ಜವಾರಿ ಗಿಡ. ನಮ್ಮ ಕಡೆ ಮರಕ್ಕೂ ಗಿಡವೆಂದೇ ಅನ್ನುತ್ತೇವೆ. ಪ್ರಬಂಧದಲ್ಲಿ ಮಾತ್ರ ನಾನು ಶಿಷ್ಟನಾಗಿ ಮರ ಎಂದು ಬರೆದಿದ್ದೆ. ಆಪೂಸಿನ ಗಿಡಗಳಿಗೆ ಹೆಸರಿರಲಿಲ್ಲ, ಎಲ್ಲವೂ ಆಪೂಸ. ಹನ್ನೊಂದು ಜವಾರಿಗೆ ಮಾತ್ರ ಹನ್ನೊಂದು ಹೆಸರು. ಕಾಯಿ ತಿಂದರೆ ಕೊಬ್ಬರಿಯಂತಿರುವುದು ಕೊಬ್ರಿ ಗಿಡ. ಬಡೇಸೋಪಿನ ಪರಿಮಳದ್ದು ಸೋಪಿನ ಗಿಡ. ಉಪ್ಪಿನಕಾಯಿಗೇ ಹುಟ್ಟಿದ್ದು ಹುಳಿ ಗಿಡ. ನಾರು ಹಲ್ಲಿನಲ್ಲಿ ಸಿಕ್ಕಿದರೂ ಬಿಡಲಾಗದ್ದು ಸಕ್ಕರಿ ಗಿಡ. ಬಲಿತ ಕಾಯನ್ನು ಕತ್ತಲ ಖೋಲಿಯಲ್ಲಿ ಭತ್ತದ ಹುಲ್ಲು ಹಾಸಿ, ಒಂದು ಪದರ ಕಾಯಿ, ಒಂದು ಪದರ ಹುಲ್ಲು ಹೀಗೆ ಅಡಿ ಹಾಕುತ್ತಿದ್ದರು. ಎಂಟು ಹತ್ತು ದಿನಕ್ಕೆ ಆ ಖೋಲಿಯ ಬಾಗಿಲ ಸಂದಿಯಿಂದ ವಾಸನೆ ಬರತೊಡಗುತ್ತಿತ್ತು. ಆಯಿ ಸಕ್ಕರಿ ಗಿಡದ ಹಣ್ಣಿನಲ್ಲಿ ಸೀಕರಣಿ ಮಾಡುವಳು, ಹುಳಿ ಗಿಡದ ಕಾಯಲ್ಲಿ ಬೆಲ್ಲ ಹಾಕಿ ಗುಳಂಬ.

ಇಲ್ಲಿಯವರೆಗೆ ಪ್ರಬಂಧದಲ್ಲಿತ್ತು. ಇನ್ನು ಮುಂದಿನದು ಇರಲಿಲ್ಲ.

ಬಾವಿಯಿಂದ ಎಳೆಯ ಗಿಡಗಳಿಗೆ ನೀರು ಹೊತ್ತವಳು ಒಬ್ಬ ಹೆಣ್ಣುಮಗಳು. ಊರ ಹೊರಗಿನ ಕೇರಿಯವಳು. ಆಪೂಸಿನ ಸಸಿ ಹಚ್ಚಿದ ಮೊದಲ ಮೂರು ವರ್ಷ, ಬೇಸಗೆಯಲ್ಲಿ, ಅರವತ್ತು ಸಸಿಗೂ ಅವಳೇ ಕೊಡದಿಂದ ನೀರು ಹಾಕಿದವಳು. ‘ಅಜ್ಜ ಬೆಳೆಸಿದ ತೋಟ’ ಎಂದು ಮೊದಲ ವಾಕ್ಯದಲ್ಲೇ ಬರೆದ ನನಗೆ ಆ ಕೊಡದ ನೆನಪಾಗಲಿಲ್ಲ. ಅವಳ ಮಗ ನಮ್ಮ ಮನೆಯ ದನ ಕಾಯುತ್ತಿದ್ದ. ನನಗಿಂತ ಒಂದು ವರ್ಷ ದೊಡ್ಡವನು. ಕೇರಿಯ ಮಕ್ಕಳಿಗೆ ಅಜ್ಜ ಗಾಳಿಗೆ ಉದುರಿದ ಹಣ್ಣು ಆರಿಸಿಕೊಳ್ಳಲು ಬಿಡುತ್ತಿದ್ದ. ಗಿಡ ಮುಟ್ಟುವಂತಿಲ್ಲ, ಹತ್ತುವಂತಿಲ್ಲ. ಅಡಿ ಹಾಕಿದ ಹಣ್ಣು ನಮಗೆ, ಬಿದ್ದು ಒಡೆದದ್ದು ಅವರಿಗೆ.

1987ರ ಸೂಟಿಯಲ್ಲಿ ಆ ಹುಡುಗ ಸೋಪಿನ ಗಿಡ ಹತ್ತಿದ್ದನ್ನು ನಾನು ನೋಡಿದೆ. ನೋಡಿದವನು ಓಡಿಹೋಗಿ ಅಜ್ಜನಿಗೆ ಹೇಳಿದೆ. ಯಾಕೆ ಹೇಳಿದೆನೆಂದರೆ ಆ ಗಿಡ ನನ್ನದು ಎಂದುಕೊಂಡಿದ್ದೆ. ವರ್ಷಕ್ಕೆ ಒಂದೂವರೆ ತಿಂಗಳು ಬರುವ ನನ್ನದು. ಅಜ್ಜ ಬಾರಕೋಲು ತೆಗೆದುಕೊಂಡು ಹೋದ. ಎಷ್ಟು ಹೊಡೆದನೋ ನಾನು ಎಣಿಸಲಿಲ್ಲ, ಬಾವಿಯ ಹಿಂದೆ ನಿಂತು ಕೇಳಿದೆ. ಮರುದಿನ ಅವನ ತಾಯಿ ಎಂದಿನಂತೆ ಬಂದು ನೀರು ಹೊತ್ತಳು. ನನ್ನ ಕಡೆ ನೋಡಲಿಲ್ಲ.

ಹಿತ್ತಲು, ತೋಟ, ಹಣ್ಣು ಎಂದು ಬರೆಯುವ ನಮ್ಮ ಪ್ರಬಂಧಗಳಲ್ಲಿ ಬೇಲಿ ಯಾಕೆ ಬರುವುದಿಲ್ಲ? ಬಂದರೂ ಅದರ ಮೇಲೆ ಹಬ್ಬಿದ ಬಳ್ಳಿಯ ವರ್ಣನೆ ಬರುತ್ತದೆ. ಬೇಲಿ ಇದ್ದದ್ದು ದನಗಳಿಗೆ ಮಾತ್ರ ಅಲ್ಲ. ನಮ್ಮ ಬಾಲ್ಯದ ಸಿಹಿ ಇನ್ನೊಬ್ಬರ ಬಾಲ್ಯದ ಬೇಲಿಯ ಒಳಗೆ ಇತ್ತು. ಆ ಬೇಲಿಯ ಆಚೆಗಿನವನೊಬ್ಬ ಇದೇ ತೋಟದ ಬಗ್ಗೆ ಬರೆದರೆ ಅದರಲ್ಲಿ ಬಾರಕೋಲು ಇರುತ್ತದೆ. ಹಾಗೆ ಬರೆದದ್ದನ್ನು ನಾವು ‘ಆಕ್ರೋಶದ ಸಾಹಿತ್ಯ’ ಎಂದು ಬೇರೆ ಕಪಾಟಿನಲ್ಲಿ ಇಡುತ್ತೇವೆ. ನಮ್ಮದನ್ನು ಮಾತ್ರ ‘ನೆನಪು’ ಎನ್ನುತ್ತೇವೆ.

ಇನ್ನು ಮಾರಾಟದ ಮಾತು. ಅಜ್ಜನ ನಂತರ ತೋಟ ನೋಡಿಕೊಂಡವನು ನನ್ನ ಮಾಮಾ. ಪ್ರಬಂಧ ಅಚ್ಚಾದ ಮೇಲೆ ಅವನಿಗೆ ಓದಿ ತೋರಿಸಿದೆ. ಸುಮ್ಮನೆ ಕೇಳಿದ. ಆಮೇಲೆ ಹೇಳಿದ: “ಚಲೋ ಬರದೀಪಾ. ಒಂದ್ ವರ್ಸ ಜಿಗಿ ಬಿದ್ದು ಹೂ ಪೂರಾ ಕರ್ರಗಾತು, ನೆನಪೈತೇನು? ಎಣ್ಣಿ ಹೊಡಸಾಕ ಸೊಸೈಟಿ ಸಾಲ ತಗದೆ. ಆ ವರ್ಸ ಹಣ್ಣ ಬರಲಿಲ್ಲಂತ ನಿಮ್ಮವ್ವ ಫೋನ್ ಮಾಡಿದ್ಲು. ಸಾಲದ್ದ ಯಾರೂ ಕೇಳಲಿಲ್ಲ.”

ಜಿಗಿ ಎಂದರೆ ಜಿಗಿಹುಳು. ಹೂವಿನ ರಸ ಹೀರಿ ಅಂಟು ಸುರಿಸುತ್ತದೆ, ಅಂಟಿನ ಮೇಲೆ ಕಪ್ಪು ಬೂಷ್ಟು ಕೂರುತ್ತದೆ. ಆಪೂಸಿಗೆ ಇನ್ನೊಂದು ಗುಣವಿದೆ: ಒಂದು ವರ್ಷ ಸುರಿದರೆ ಮರುವರ್ಷ ಕೈಕೊಡುತ್ತದೆ. ಹೂ ಬಿಟ್ಟಾಗ ಮಂಜು ಬಿದ್ದರೆ ಹೋಯಿತು, ಕಾಯಿ ಬಲಿತಾಗ ಆಣೆಕಲ್ಲು ಬಿದ್ದರೆ ಹೋಯಿತು. ಇಷ್ಟೆಲ್ಲ ಇದ್ದುದರಿಂದಲೇ ಮಾಮಾ ಹೂ ಬಿಟ್ಟಾಗಲೇ ಇಡೀ ತೋಟವನ್ನು ಖೇಣಿಗೆ ಕೊಟ್ಟುಬಿಡುತ್ತಿದ್ದ. ಒಂದು ಮೊತ್ತ ಕೈಗೆ ಬಂದರೆ ನಷ್ಟ ಖೇಣಿದಾರನದು, ಲಾಭವೂ ಅವನದೇ. ನಮ್ಮ ಆಪೂಸು ಪೆಟ್ಟಿಗೆಯಲ್ಲಿ ಕೂತು ಎಲ್ಲಿಗೆ ಹೋಗುತ್ತಿತ್ತೋ, ಅಲ್ಲಿ ಯಾವ ಊರಿನ ಹೆಸರಿನಲ್ಲಿ ಮಾರಾಟವಾಗುತ್ತಿತ್ತೋ ಮಾಮಾ ಎಂದೂ ಕೇಳಲಿಲ್ಲ. ಆಪೂಸಿಗೆ 2018ರಲ್ಲಿ ಸಿಕ್ಕ ಭೌಗೋಳಿಕ ಸೂಚಿಕೆ ರತ್ನಾಗಿರಿ, ಸಿಂಧುದುರ್ಗ ಮತ್ತು ಸುತ್ತಲಿನ ಕೊಂಕಣ ಜಿಲ್ಲೆಗಳದ್ದು. ಧಾರವಾಡದ್ದಲ್ಲ.

ಹೀಗಿರುವಾಗ ತೋಟ ಉಳಿಯಬೇಕಿತ್ತು ಎಂದು ಮಾಮಾನಿಗೆ ಹೇಳುವ ಅಧಿಕಾರ ನನಗೆಲ್ಲಿತ್ತು? ಅವನು ಮಾರುವ ಮಾತು ತೆಗೆದಾಗ ನಾನು ಬೇಡವೆನ್ನಲಿಲ್ಲ. ಬೇಡವೆಂದಿದ್ದರೆ ನನ್ನ ಪಾಲಿನ ಹಣ ನಾನು ಬಿಡಬೇಕಾಗಿತ್ತು. ಅಜ್ಜನ ತೋಟದ ಪ್ರಬಂಧಗಳ ಮುಖ್ಯ ಲಕ್ಷಣವೇ ಇದು: ತೋಟ ಉಳಿಯಬೇಕು, ಖರ್ಚು ಊರಲ್ಲಿ ಇರುವವನು ಮಾಡಬೇಕು. ನಾವು ಪೇಟೆಯಲ್ಲಿದ್ದು ವರ್ಷಕ್ಕೊಮ್ಮೆ ಹೋಗಿ ಹಣ್ಣು ತಿಂದು, ಗಿಡಕ್ಕೆ ಒರಗಿ ಫೋಟೋ ತೆಗೆಸಿಕೊಂಡು ಬರಬೇಕು. ಅವನು ಸಾಲ ತೀರಿಸಲು ಮಾರಿದರೆ ‘ಹಣದಾಸೆ’, ನಾವು ಸಹಿ ಹಾಕಿದರೆ ‘ಕಾಲನ ಹೊಡೆತ’.

ಕಾಲ ಸಾಲದಿದ್ದರೆ ಇನ್ನೂ ಎರಡು ನೆಪಗಳಿವೆ. ಒಂದು, ಜವಾರಿಯನ್ನು ಆಪೂಸು ಕೊಂದಿತು ಎನ್ನುವುದು. ನಾನೂ ಹೀಗೆ ಬರೆದಿದ್ದೆ, ಅಜ್ಜನನ್ನು ಜವಾರಿಯ ಪಕ್ಷದಲ್ಲಿ ನಿಲ್ಲಿಸಿ. ಆದರೆ ಆಪೂಸು ಹಚ್ಚಿದವನು ಅದೇ ಅಜ್ಜ. ಕಸಿ ಕಟ್ಟಿದ, ದುಡ್ಡು ತರುವ ಗಿಡ ಬೇಕೆಂದು ಅವನೇ ಹುಡುಕಿ ತಂದಿದ್ದ. ಅಫೊನ್ಸೊ ಡಿ ಅಲ್ಬುಕರ್ಕ್ ಎಂಬ ಪೋರ್ಚುಗೀಸನ ಹೆಸರಿನ ಹಣ್ಣು ಗೋವಾದ ಕಸಿಯಿಂದ ಹೊರಟು ಘಟ್ಟ ಹತ್ತಿ ಕಲಘಟಗಿಗೆ ಬಂದದ್ದು ಇಂಥ ಅಜ್ಜಂದಿರ ಹೆಗಲ ಮೇಲೆ. ಆದರೂ ಅವನು ಜವಾರಿ ಕಡಿಯಲಿಲ್ಲ. ಒಂದೇ ನೆಲದಲ್ಲಿ ಎರಡನ್ನೂ ಇಟ್ಟುಕೊಂಡ. ಕಡಿಸಿದವರು ನಾವು, ಆಪೂಸನ್ನೂ ಸೇರಿಸಿ.

ಎರಡನೆಯದು ಕಾರ್ಬೈಡ್. ‘ಅಂದಿನ ಹಣ್ಣಿನ ರುಚಿ ಇಂದೆಲ್ಲಿ, ಎಲ್ಲ ಕಾರ್ಬೈಡಿನಲ್ಲಿ ಹಣ್ಣು ಮಾಡಿದ್ದು’ ಎಂಬ ಸಾಲಿಲ್ಲದ ಪ್ರಬಂಧ ನಾನು ಕಂಡಿಲ್ಲ. ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಡುವುದಕ್ಕೆ ದೇಶದಲ್ಲಿ ನಿಷೇಧವಿದೆ. 2011ರ ಆಹಾರ ಸುರಕ್ಷತಾ ನಿಯಮಾವಳಿಯಲ್ಲಿ ಅದು ಸ್ಪಷ್ಟವಾಗಿ ಇದೆ. 2016ರಲ್ಲಿ ಅದರ ಬದಲಿಗೆ ಎಥಿಲೀನ್ ಅನಿಲವನ್ನು ಮಿತಿಯೊಳಗೆ ಬಳಸಲು ಅನುಮತಿಯೂ ಬಂತು. ಎಥಿಲೀನ್ ಎಂದರೆ ಹೆದರಬೇಕಿಲ್ಲ, ಮಾವು ಹಣ್ಣಾಗುವಾಗ ತಾನೇ ಬಿಡುವ ಅನಿಲ ಅದು. ಆಯಿಯ ಕತ್ತಲ ಖೋಲಿಯ ಹುಲ್ಲು ಹಿಡಿದಿಡುತ್ತಿದ್ದುದು ಅದನ್ನೇ. ಕಾರ್ಬೈಡಿನ ಹಣ್ಣು ಈಗಲೂ ಮಾರಾಟವಾಗುತ್ತದೆ ಎನ್ನುತ್ತೀರಾ? ಆಗುತ್ತಿರಬಹುದು. ಕೊಳ್ಳುವವರು ನಾವೇ. ಅಕ್ಷಯ ತದಿಗೆಗೆ ಮಾವಿನಹಣ್ಣು ಬೇಕೇ ಬೇಕೆಂದು ಬಲಿಯದ ಕಾಯನ್ನು ಕೀಳಿಸುವ ಅವಸರವೂ ನಮ್ಮದೇ. ಹತ್ತು ದಿನ ಹುಲ್ಲಿನಲ್ಲಿ ಕಾಯಲು ಯಾರಿಗೆ ಪುರಸೊತ್ತಿದೆ?

ಇಲ್ಲಿ ಒಂದು ಬೇರೆ ಪ್ರಸಂಗ ಹೇಳಬೇಕು, ಯಾಕೆಂದರೆ ಈ ಬರವಣಿಗೆ ಎಳೆಯರನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ನಾನು ಅಲ್ಲಿ ಕಂಡೆ. ಕಾಲೇಜು ವಿದ್ಯಾರ್ಥಿಗಳ ಒಂದು ಪ್ರಬಂಧ ಸ್ಪರ್ಧೆಗೆ ನಾನು ತೀರ್ಪುಗಾರ. ನವಲಗುಂದ ಕಡೆಯ ಹಳ್ಳಿಯ ಹುಡುಗಿಯೊಬ್ಬಳು ‘ನನ್ನಜ್ಜನ ಮಾವಿನ ತೋಪು’ ಎಂದು ಬರೆದಿದ್ದಳು. ಕೋಗಿಲೆ, ಹೊಂಡ, ಜೋಕಾಲಿ ಎಲ್ಲ ಇತ್ತು. ನವಲಗುಂದದ ಎರೆಯಲ್ಲಿ ಮಾವಿನ ತೋಪು ಎಲ್ಲಿದೆಯವ್ವಾ ಎಂದು ಕೇಳಿದೆ. ನಾಚಿಕೊಂಡಳು. “ಇಲ್ರಿ ಸರ್, ನಮ್ಮಜ್ಜಂದು ತೋಟ ಅಲ್ರಿ, ಹೊಲ. ಬದುವಿನ ಮ್ಯಾಲ ಒಂದ್ ಹುಣಸಿ ಗಿಡ, ಎರಡ್ ಬಾರಿ ಗಿಡ ಅದಾವು. ಅದನ್ನೇನ್ ಬರೀಲಿ ಅಂತ...” ಎಂದಳು.

ಆಮೇಲೆ ತಾನಾಗಿಯೇ ಹೇಳತೊಡಗಿದಳು. ಬೇಸಗೆಯಲ್ಲಿ ಹುಣಸೆ ಬಡಿಯುವುದು, ಅವರಜ್ಜಿ ಹುಣಸೆಹಣ್ಣಿಗೆ ಬೆಲ್ಲ, ಜೀರಿಗೆ, ಉಪ್ಪು ಹಾಕಿ ಕುಟ್ಟಿ ಕಡ್ಡಿಗೆ ಚುಚ್ಚಿ ಚಿಗಳಿ ಮಾಡಿಕೊಡುವುದು, ಬಾರಿಹಣ್ಣು ಬರುವುದು ಬೇಸಗೆಯಲ್ಲ ಚಳಿಯಲ್ಲಿ ಎಂಬುದು, ಮಲಪ್ರಭೆಯ ಕಾಲುವೆ ನೀರು ಬಂದರೆ ಮಾತ್ರ ಬದುವಿನ ಬುಡ ತಂಪಾಗುವುದು, ಬಾರದ ವರ್ಷ ಅಜ್ಜ ರೈತರ ಜೊತೆ ಧರಣಿಗೆ ಹೋಗಿ ಕೂರುವುದು. 1980ರಲ್ಲಿ ಕಾಲುವೆಯ ಕರದ ವಿರುದ್ಧ ರೈತರು ಎದ್ದು ನಿಂತ ನೆಲ ನವಲಗುಂದ. 2015ರಿಂದ ಮಹದಾಯಿ ನೀರಿಗಾಗಿ ವರ್ಷಗಟ್ಟಲೆ ಕೂತ ನೆಲ. ಹೀಗಿದ್ದೂ ಆ ಹುಡುಗಿಗೆ ತನ್ನ ಹುಣಸೆಗಿಡ ಬರೆಯಲು ತಕ್ಕುದಲ್ಲ ಎನಿಸಿತು. ಪುಸ್ತಕಗಳಲ್ಲಿ, ನಮ್ಮ ಪ್ರಬಂಧಗಳಲ್ಲಿ ಅಜ್ಜ ಎಂದರೆ ಮಾವಿನ ತೋಟವಿದ್ದವನು. ಅವಳು ಇಲ್ಲದ ತೋಟಕ್ಕಾಗಿ ಅತ್ತಳು, ಇರುವ ಗಿಡವನ್ನು ಬಿಟ್ಟಳು. ಇದನ್ನು ಅವಳಿಗೆ ಕಲಿಸಿದವರಲ್ಲಿ ನಾನೂ ಒಬ್ಬ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ನೆನಪಿನ ಪ್ರಬಂಧ ಬರೆಯುವವರು ಒಂದು ಸಮಾಧಾನ ಹೇಳಿಕೊಳ್ಳುತ್ತಾರೆ: ಗಿಡ ಹೋದರೇನು, ಬರಹದಲ್ಲಿ ಉಳಿಯಿತಲ್ಲ. ಉಳಿಯುವುದಿಲ್ಲ. ಮಾವಿನ ವಿಷಯದಲ್ಲಂತೂ ಇದು ಶುದ್ಧ ಸುಳ್ಳು.

ನಮ್ಮ ಒಳನಾಡಿನ ಬಹುಪಾಲು ಮಾವಿನ ವಾಟೆಯೊಳಗೆ ಇರುವುದು ಒಂದೇ ಭ್ರೂಣ. ಅದು ಪರಾಗಸ್ಪರ್ಶದಿಂದ, ಎಂದರೆ ತಾಯಿಗಿಡ ಮತ್ತು ಯಾವುದೋ ಇನ್ನೊಂದು ಗಿಡ ಕೂಡಿ ಹುಟ್ಟಿದ್ದು. ಕರಾವಳಿಯ ಕೆಲವು ತಳಿಗಳಲ್ಲಿ ಒಂದೇ ವಾಟೆಯಿಂದ ತಾಯಿಯಂಥವೇ ಹಲವು ಸಸಿ ಏಳುವುದುಂಟು. ನಮ್ಮ ಕಡೆಯ ಜವಾರಿ ಸಾಮಾನ್ಯವಾಗಿ ಹಾಗಲ್ಲ. ಹಾಗಾಗಿ ವಾಟೆ ಊರಿ ಎಬ್ಬಿಸಿದ ಪ್ರತಿಯೊಂದು ಗಿಡವೂ ಜಗತ್ತಿನಲ್ಲಿ ಒಂದೇ. ನಮ್ಮ ಹನ್ನೊಂದು ಗಿಡಕ್ಕೆ ಹನ್ನೊಂದು ಹೆಸರಿದ್ದದ್ದು ಮಕ್ಕಳಾಟಕ್ಕಲ್ಲ, ಅವು ನಿಜಕ್ಕೂ ಹನ್ನೊಂದು ಬೇರೆ ಹಣ್ಣುಗಳು. ಸೋಪಿನ ಗಿಡದ ಹಣ್ಣು ಸೋಪಿನ ಗಿಡದಲ್ಲಿ ಮಾತ್ರ ಇತ್ತು. ಅದರ ವಾಟೆಯಲ್ಲಿ ಇರಲಿಲ್ಲ. ಅದನ್ನು ಕಡಿಸಿದ ದಿನ ಒಂದು ಮರ ಹೋಗಲಿಲ್ಲ, ಒಂದು ತಳಿಯೇ ಹೋಯಿತು. ನನ್ನ ಪ್ರಬಂಧದಲ್ಲಿ ಅದರ ಪರಿಮಳ ಎಷ್ಟು ಚೆನ್ನಾಗಿ ಬಂದಿದೆ ಎಂದು ಹೊಗಳಿದವರ ಮೂಗಿಗೆ ಆ ಪರಿಮಳ ಇನ್ನು ಎಂದೂ ಬರುವುದಿಲ್ಲ.

ಅದನ್ನು ಉಳಿಸಲು ಬೇಕಾಗಿದ್ದದ್ದು ಪ್ರಬಂಧವಲ್ಲ, ಪೆನ್ಸಿಲ್ ದಪ್ಪದ ಒಂದು ಕಡ್ಡಿ. ನಾಲ್ಕಾರು ತಿಂಗಳು ಬಲಿತ ಕೊಂಬೆ ನೋಡಿ, ಕತ್ತರಿಸುವ ಹತ್ತು ದಿನ ಮೊದಲು ತೊಟ್ಟು ಉಳಿಸಿ ಎಲೆ ಸವರಬೇಕು. ತುದಿಯ ಮೊಗ್ಗು ಉಬ್ಬಿದಾಗ ಗೇಣುದ್ದ ಕತ್ತರಿಸಿ, ಬುಡವನ್ನು ಬೆಣೆಯಂತೆ ಕೆತ್ತಿ, ಯಾವುದೇ ಮಾವಿನ ಎಳೆ ಸಸಿಯ ತಲೆ ಕತ್ತರಿಸಿ ಸೀಳಿದ ಜಾಗದಲ್ಲಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಬಿಗಿಯಬೇಕು. ಮಳೆಗಾಲದ ತೇವದಲ್ಲಿ ಅದು ಕೂಡಿಕೊಳ್ಳುತ್ತದೆ. ನರ್ಸರಿಯ ಕೆಲಸಗಾರನೊಬ್ಬ ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಹಲವು ಕಟ್ಟುತ್ತಾನೆ. ಧಾರವಾಡದಲ್ಲಿ 1986ರಿಂದ ಒಂದು ಕೃಷಿ ವಿಶ್ವವಿದ್ಯಾಲಯವಿದೆ. ನಾನು ಅದರ ಮುಂದೆ ಸಾವಿರ ಸಲ ಹಾದುಹೋಗಿದ್ದೇನೆ. ಖರೀದಿಯ ಮಾತುಕತೆ ಆರಂಭವಾಗಿ ಸಹಿಯಾಗುವವರೆಗೆ ಹತ್ತು ತಿಂಗಳು, ನಡುವೆ ಒಂದು ಇಡೀ ಮಳೆಗಾಲ ಇತ್ತು. ಆ ಹತ್ತು ತಿಂಗಳಲ್ಲಿ ನಾನು ಪ್ರಬಂಧದ ಟಿಪ್ಪಣಿ ಮಾಡಿಕೊಂಡೆ. ಹನ್ನೊಂದು ಕಡ್ಡಿ ಕತ್ತರಿಸಲಿಲ್ಲ.

ಮಾಡಿದವರು ಇದ್ದಾರೆ. ಸಾಗರ, ಶಿರಸಿ, ಹೊಸನಗರದ ಕಡೆಯ ರೈತರು ಹೊಳೆಯಂಚಿನ ಅಪ್ಪೆಮಿಡಿ ಮರಗಳನ್ನು ಹುಡುಕಿಕೊಂಡು ಹೋಗಿ ಕಡ್ಡಿ ತಂದು ಕಸಿ ಕಟ್ಟಿ ತಮ್ಮ ಜಮೀನಿನಲ್ಲಿ ಇಟ್ಟುಕೊಂಡರು. ಅಪ್ಪೆಮಿಡಿಗೆ ಭೌಗೋಳಿಕ ಸೂಚಿಕೆಯೂ ಬಂತು. ಅಂಕೋಲೆಯ ಕರಿ ಇಷಾಡಕ್ಕೆ 2023ರಲ್ಲಿ ಬಂತು. ತುಮಕೂರು ಜಿಲ್ಲೆಯಲ್ಲಿ ಒಂದು ರೈತ ಕುಟುಂಬದ ಹೊಲದಲ್ಲಿದ್ದ ಒಂದೇ ಒಂದು ಕೆಂಪು ತೊಳೆಯ ಹಲಸಿನ ಮರವನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿತು. ‘ಸಿದ್ದು’ ಎಂಬ ಹೆಸರಿನಲ್ಲಿ ಅದರ ಕಸಿ ಸಸಿಗಳು ಊರೂರಿಗೆ ಹೋದವು, ಆ ಕುಟುಂಬಕ್ಕೆ ಆದಾಯವೂ ಬಂತು. ಇವರೆಲ್ಲ ತ್ಯಾಗಿಗಳೇನಲ್ಲ. ಉಪ್ಪಿನಕಾಯಿಗೆ ಮಿಡಿ ಬೇಕಿತ್ತು, ಸಸಿಗೆ ಬೆಲೆ ಇತ್ತು. ಅವರು ಹಣ್ಣಿನ ಆಸೆಯಿಂದ ಉಳಿಸಿದರು. ನಾವು ಹಣ್ಣಿನ ನೆನಪಿಗೆ ತೃಪ್ತರಾದೆವು.

ಬರಹಗಾರನ ಕೆಲಸ ಬರೆಯುವುದು, ಕಸಿ ಕಟ್ಟುವುದಲ್ಲ ಎಂದು ನನ್ನ ಸಹೋದ್ಯೋಗಿಯೊಬ್ಬರು ವಾದಿಸಿದರು. ಎಲ್ಲ ಬರಹದಿಂದಲೂ ಉಪಯೋಗ ಕೇಳಿದರೆ ಸಾಹಿತ್ಯವೇ ಉಳಿಯುವುದಿಲ್ಲ ಎಂದರು. ಆ ಮಾತಿನಲ್ಲಿ ಹುರುಳಿದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ನಾನು ಉಪಯೋಗ ಕೇಳುತ್ತಿಲ್ಲ, ನಿಖರತೆ ಕೇಳುತ್ತಿದ್ದೇನೆ. ಯಾವ ಗಿಡ, ಯಾವ ಬದುವಿನ ಮೇಲೆ, ಯಾರು ನೀರು ಹೊತ್ತರು, ಯಾರಿಗೆ ಹಣ್ಣು ಸಿಕ್ಕಿತು, ಯಾರಿಗೆ ಸಿಗಲಿಲ್ಲ, ಯಾವ ವರ್ಷ ಯಾರು ಸಹಿ ಹಾಕಿದರು ಎಂಬುದನ್ನು ಬರೆಯುವುದು ಒಳ್ಳೆಯ ಗದ್ಯದ ಕನಿಷ್ಠ ನಿಯಮ. ಅಷ್ಟು ಬರೆದರೆ ಕಣ್ಣೀರು ಸ್ವಲ್ಪ ಕಡಿಮೆಯಾದೀತು. ಆದರೆ ಓದಿದವನೊಬ್ಬ ತನ್ನೂರಿನ ಬದುವಿನ ಗಿಡದ ಹೆಸರು ನೆನೆದು, ಅದು ಇನ್ನೂ ಇದೆಯೇ ಎಂದು ಒಂದು ಫೋನ್ ಮಾಡಿಯಾನು. ‘ಕಣ್ಮರೆಯಾದವು’ ಎಂದು ಓದಿದವನು ಫೋನ್ ಮಾಡುವುದು ಬರೆದವನಿಗೆ, ಊರಿಗಲ್ಲ.

ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಹಲವರ ಅಜ್ಜಂದಿರು ಇನ್ನೂ ಇದ್ದಾರೆ, ಗಿಡಗಳೂ ಇವೆ. ಕುಂದಗೋಳದ ಹಿತ್ತಲಲ್ಲಿ, ಕಲಘಟಗಿಯ ಬದುವಿನಲ್ಲಿ, ಧಾರವಾಡ ಹುಬ್ಬಳ್ಳಿ ನಡುವೆ ನವಲೂರಿನಲ್ಲಿ ಪ್ಲಾಟುಗಳ ಸಂದಿಯಲ್ಲಿ ಉಳಿದ ಪೇರಲದ ಸಾಲುಗಳಲ್ಲಿ. ಇರುವ ಗಿಡವನ್ನು ಇಲ್ಲವೆಂಬಂತೆ ಬರೆಯಬೇಡಿ. ಸತ್ತವರ ಮೇಲೆ ಹಾಡುವ ಹಾಡನ್ನು ಬದುಕಿರುವವರ ಮುಂದೆ ಹಾಡುವುದು ನಮ್ಮಲ್ಲಿ ಅಪಶಕುನ. ಈ ಸೂಟಿಯಲ್ಲಿ ಹೋದರೆ ಮೊದಲು ಗಿಡದ ಹೆಸರು ಕೇಳಿ. ಆಮೇಲೆ ನೀರು ಹೊತ್ತವರ ಹೆಸರು ಕೇಳಿ. ಮಾರುವ ಮಾತಿದ್ದರೆ, ಮಾರಲಿ, ಅವರ ಕಷ್ಟ ಅವರಿಗೆ. ಆದರೆ ಸಹಿಯ ಮೊದಲು ಒಂದು ಮಳೆಗಾಲದ ಗಡುವು ಕೇಳಿ, ಕಡ್ಡಿ ತೆಗೆದುಕೊಳ್ಳಿ.

ನನಗೆ ಉಳಿದಿರುವುದು ಒಂದೇ ಗಿಡ. ಅವ್ವ ಯಾವುದೋ ಒಂದು ಸೂಟಿಯಲ್ಲಿ ಸೋಪಿನ ಗಿಡದ ವಾಟೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಅಣ್ಣಿಗೇರಿಯ ಮನೆಯ ಹಿಂದೆ ಊರಿದ್ದಳು. ಎರೆಯಲ್ಲಿ ಮಾವು ಬರುವುದಿಲ್ಲವೆಂದು ಎಲ್ಲರೂ ನಕ್ಕರು. ಬಚ್ಚಲ ನೀರಿನ ಮೇಲೆ ಅದು ಬಂತು. ಹತ್ತು ವರ್ಷಕ್ಕೆ ಕಾಯಿ ಬ���ಟ್ಟಾಗ ಅವ್ವ ಮೊದಲ ಹಣ್ಣು ಮೂಸಿ ನೋಡಿ ಸುಮ್ಮನಾದಳು. ಸೋಪಿನ ಪರಿಮಳವಿರಲಿಲ್ಲ. ಹಣ್ಣು ಸಣ್ಣದು, ಸ್ವಲ್ಪ ಹುಳಿ, ನಾರು ಬಹಳ. ಅವಳು ಬೇಸರ ಮಾಡಿಕೊಂಡಳೆಂದು ನಾನು ಆಗ ತಿಳಿದಿದ್ದೆ. ಆದರೆ ಸಾಯುವವರೆಗೂ ಅದಕ್ಕೆ ಬಚ್ಚಲ ನೀರು ತಪ್ಪಿಸಲಿಲ್ಲ.

ಈಗ ತಮ್ಮ ಅಲ್ಲಿ ಮನೆ ದೊಡ್ಡದು ಮಾಡುತ್ತಿದ್ದಾನೆ. ಕಾರು ನಿಲ್ಲಿಸಲು ಜಾಗ ಬೇಕು, ಗಿಡ ಅಡ್ಡವಿದೆ. ಅವನನ್ನು ಬೈಯಲಾರೆ. ಆ ಮನೆಯಲ್ಲಿ ಇರುವವನು ಅವನು, ಎಲೆ ಗುಡಿಸುವವರು ಅವನ ಮನೆಯವರು. ಕಳೆದ ವಾರ ಹೋಗಿ ನಾಲ್ಕು ಕೊಂಬೆಯ ಎಲೆ ಸವರಿ ಬಂದಿದ್ದೇನೆ. ಇನ್ನೆಂಟು ದಿನಕ್ಕೆ ಮತ್ತೆ ಹೋಗಬೇಕು. ಧಾರವಾಡದ ನರ್ಸರಿಯವನು ಸಸಿ ತೆಗೆದಿಟ್ಟಿದ್ದಾನೆ. ನಾಲ್ಕರಲ್ಲಿ ಎರಡು ಹಿಡಿದರೂ ಸಾಕು ಎಂದಿದ್ದಾನೆ. ಹಿಡಿಯದೆಯೂ ಹೋಗಬಹುದು.

ಆ ಗಿಡ ಉಳಿಯಲಿಕ್ಕಿಲ್ಲ. ಅದರ ಬಗ್ಗೆ ನಾನು ಮತ್ತೆ ಬರೆದರೆ ಒಂದು ಸಾಲು ಮಾತ್ರ ಈಗಲೇ ತಯಾರಿದೆ. ಅದರಲ್ಲಿ ಕಾಲ ಇರುವುದಿಲ್ಲ, ಗಾಳಿ ಇರುವುದಿಲ್ಲ. ಅವ್ವ ಹಚ್ಚಿದ ಗಿಡವನ್ನು ನಾವು ಕಡಿಸಿದೆವು ಎಂದು ಇರುತ್ತದೆ.